ತಣ್ಣನೆಯ ಟ್ಯೂಬು

ಆಕೆಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಅಕ್ಕನ ಗಂಡ, ಅಕ್ಕನ ಎದುರಿಗೇ ನಿಂತು, "ಅವತ್ತು ಆ ಟ್ಯೂಬು ಒಡೆದದ್ದು ನನ್ನ ತಪ್ಪಿನಿಂದ, ಇವಳ ತಪ್ಪಿನಿಂದಲ್ಲ" ಎಂದು ಬಾಯಾರೆ ಹೇಳಬೇಕು. ಇಷ್ಟಕ್ಕಾಗಿ ಆಕೆ ತಲೆಗೂದಲು ನರೆಯುವವರೆಗೂ ಕಾದಳು. ಕಾಯುವುದು ಆಕೆಗೆ ಹೊಸದೇನಲ್ಲ. ಎಕ್ಸ್‌ರೇ ಟ್ಯೂಬು ಮಾಡುವ ಕಾರ್ಖಾನೆಯಲ್ಲಿ ಅವಸರದವರಿಗೆ ಜಾಗವಿಲ್ಲ. ಅಲ್ಲಿದ್ದ ಒಬ್ಬನೇ ಒಬ್ಬ ಅವಸರದ ಮನುಷ್ಯನೆಂದರೆ ಆಕೆಯ ಭಾವ.

ಕಾರ್ಖಾನೆ ದೊಡ್ಡದಲ್ಲ. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ತಗಡಿನ ಚಾವಣಿಯ ಉದ್ದನೆಯ ಕಟ್ಟಡ. ಆಸ್ಪತ್ರೆಗಳಲ್ಲಿ ಸುಟ್ಟುಹೋದ ಟ್ಯೂಬುಗಳ ಲೋಹದ ಕವಚ ಇಲ್ಲಿಗೆ ಬರುತ್ತದೆ, ಒಳಗೆ ಹೊಸ ಟ್ಯೂಬು ಕೂತು ವಾಪಸು ಹೋಗುತ್ತದೆ. ಮೊದಲ ಕೋಣೆ ತೊಳೆಯುವುದಕ್ಕೆ, ಎರಡನೆಯದು ಗಾಜಿನ ಕೆಲಸಕ್ಕೆ, ಮೂರನೆಯದರಲ್ಲಿ ಪಂಪುಗಳು ಮತ್ತು ಒಲೆ. ಕೊನೆಯದು ಪರೀಕ್ಷೆಯ ಕೋಣೆ. ಅದರ ಗೋಡೆಗೂ ಬಾಗಿಲಿಗೂ ಸೀಸದ ತಗಡು ಹೊದಿಸಿದೆ.

ಟ್ಯೂಬು ನೋಡುವುದಕ್ಕೆ ಎರಡೂ ಕಡೆ ಕುತ್ತಿಗೆಯಿರುವ ಗಾಜಿನ ಹೂಜಿಯ ಹಾಗಿರುತ್ತದೆ. ಒಂದು ಕುತ್ತಿಗೆಯಲ್ಲಿ ಪುಟ್ಟ ಲೋಹದ ಬಟ್ಟಲು, ಬಟ್ಟಲೊಳಗೆ ಕೂದಲೆಳೆಯಂಥ ಟಂಗ್‌ಸ್ಟನ್ ತಂತಿಯ ಸುರುಳಿ. ಅದರ ಎದುರಿಗೆ, ಇನ್ನೊಂದು ಕುತ್ತಿಗೆಯಿಂದ ಬಂದ ಕಾಂಡದ ಮೇಲೆ, ಅಂಚು ಓರೆಯಾಗಿರುವ ದಪ್ಪನೆಯ ತಟ್ಟೆ. ತಂತಿಯನ್ನು ಬೆಳ್ಳಗೆ ಹೊಳೆಯುವಷ್ಟು ಕಾಯಿಸಿದರೆ ಅದರ ಮೈಯಿಂದ ಎಲೆಕ್ಟ್ರಾನುಗಳು ಏಳುತ್ತವೆ. ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ತು ಅವನ್ನು ಎಳೆದುಕೊಂಡು ಹೋಗಿ ತಟ್ಟೆಯ ಅಂಚಿಗೆ ಬಡಿಯುತ್ತದೆ. ಆ ಏಟಿನಲ್ಲಿ ಎಕ್ಸ್‌ರೇ ಆಗುವುದು ನೂರರಲ್ಲಿ ಒಂದು ಪಾಲು, ಅದೂ ಪೂರ್ತಿ ಇಲ್ಲ. ಉಳಿದದ್ದೆಲ್ಲ ಬರೀ ಬಿಸಿ. ಒಂದೇ ಜಾಗಕ್ಕೆ ಏಟು ಬಿದ್ದರೆ ಲೋಹ ಕರಗಿ ಗುಂಡಿಯಾಗುತ್ತದೆ. ಅದಕ್ಕೇ ತಟ್ಟೆ ಬುಗುರಿಯಂತೆ ತಿರುಗುತ್ತಿರಬೇಕು. ತಿರುಗಿಸುವುದಕ್ಕೆ ಗಾಜು ಕೊರೆದು ಒಳಗೆ ಕೈ ಹಾಕುವಂತಿಲ್ಲ, ಆದ್ದರಿಂದ ಗಾಜಿನ ಹೊರಗೆ ಸುತ್ತಿದ ತಂತಿಯ ಸುರುಳಿಗಳು ಕಾಂತಶಕ್ತಿಯಿಂದ ತಿರುಗಿಸುತ್ತವೆ. ಬೇರಿಂಗಿಗೆ ಎಣ್ಣೆ ಹಾಕುವಂತಿಲ್ಲ, ಹಾಕಿದರೆ ಆವಿಯಾಗುತ್ತದೆ. ಎಣ್ಣೆಯ ಬದಲು ಬೆಳ್ಳಿಯ ತೆಳು ಲೇಪ.

ಒಳಗೆ ಗಾಳಿ ಇರಕೂಡದು ಎಂಬುದೇ ಇಡೀ ಕೆಲಸದ ಮೂಲಮಂತ್ರ. ಟ್ಯೂಬನ್ನು ಒಲೆಯಲ್ಲಿಟ್ಟು ಬೇಯಿಸುತ್ತ, ಪಂಪಿನಿಂದ ಗಾಳಿಯನ್ನು ಎಳೆಯುತ್ತ, ಕೊನೆಗೆ ಗಾಜಿನ ಬಾಲವನ್ನು ಕರಗಿಸಿ ಮುಚ್ಚುತ್ತಾರೆ. ಒಳಗೆ ಹೋಗುವ ಯಾವ ಭಾಗವನ್ನೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಸಾಕು, ತಿಂಗಳುಗಟ್ಟಲೆ ಹೊಗೆಯಾಡಿ ಟ್ಯೂಬನ್ನು ಕೊಲ್ಲುತ್ತದೆ.

ಗಾಳಿ ನುಗ್ಗಲು ಸುಲಭವಾದ ಜಾಗ ಗಾಜಿಗೂ ಲೋಹಕ್ಕೂ ಬೆಸುಗೆಯಾಗುವ ಜಾಗ. ಕಾರ್ಖಾನೆಯವರು ಅದನ್ನು ಸೀಲ್ ಎನ್ನುತ್ತಾರೆ. ಬಿಸಿಗೆ ಗಾಜು ಹಿಗ್ಗುವುದೇ ಬೇರೆ ಲೆಕ್ಕ, ಲೋಹ ಹಿಗ್ಗುವುದೇ ಬೇರೆ ಲೆಕ್ಕ. ಗಾಜಿನಷ್ಟೇ ಹಿಗ್ಗುವ ಮಿಶ್ರಲೋಹದ ಉಂಗುರವೊಂದನ್ನು ನಡುವೆ ಇಟ್ಟು, ಲೇತಿನ ಮೇಲೆ ತಿರುಗಿಸುತ್ತ, ಕೆಳಗಿನಿಂದ ಜ್ವಾಲೆ ಕೊಟ್ಟು ಗಾಜನ್ನು ಅದರ ಅಂಚಿಗೆ ಹತ್ತಿಸಬೇಕು. ಆಕೆಯ ಕೆಲಸ ಅದು. ಕಲಿಸಿದವರು ಹಳೆಯ ಗಾಜಿನ ಕೆಲಸಗಾರರು. ಕಾರ್ಖಾನೆಗೆ ಕರೆತಂದು ಸೇರಿಸಿದವನು ಭಾವ. ತಾಯಿ ಸತ್ತ ಮೇಲೆ ಆಕೆಯನ್ನು ಸಾಕಿದ್ದು ಅಕ್ಕ. ಹೀಗಾಗಿ ಆಕೆಯ ಅನ್ನ, ಆಸರೆ, ಕೆಲಸ ಎಲ್ಲವೂ ಒಂದೇ ಮನೆಯಿಂದ ಬಂದದ್ದು.

ಭಾವ ಪರೀಕ್ಷೆಯ ಕೋಣೆಯ ಮುಖ್ಯಸ್ಥ. ಟ್ಯೂಬನ್ನು ಎಣ್ಣೆ ತುಂಬಿದ ತೊಟ್ಟಿಯಲ್ಲಿ ಇಳಿಸಿ, ಹೊರಗಿನ ಮೇಜಿನಿಂದ ವಿದ್ಯುತ್ತು ಕೊಟ್ಟು ಪರೀಕ್ಷಿಸುವವನು. ತಟ್ಟೆ ತಿರುಗುವ ಸದ್ದು ಕೇಳಿಯೇ ಬೇರಿಂಗಿನ ಜಾತಕ ಹೇಳುತ್ತಾನೆಂದು ಎಲ್ಲರೂ ಅವನನ್ನು ಕಿವಿಮೇಷ್ಟ್ರು ಎನ್ನುತ್ತಿದ್ದರು. ಅವನ ಕಿವಿಯಲ್ಲಿ ದೋಷವಿರಲಿಲ್ಲ, ತಾಳ್ಮೆಯಲ್ಲಿ ಇತ್ತು.

ತಾಳ್ಮೆ ಬೇಕಾಗಿದ್ದದ್ದು ತಟ್ಟೆಯನ್ನು ಕಾಯಿಸುವುದಕ್ಕೆ. ಟಂಗ್‌ಸ್ಟನ್ ತಣ್ಣಗಿದ್ದಾಗ ಪೆಡಸು. ಬೆಚ್ಚಗಾದರೆ ಬಾಗುವ ಗುಣ ಬರುತ್ತದೆ. ತಣ್ಣನೆಯ ತಟ್ಟೆಗೆ ಏಕಾಏಕಿ ಪೂರ್ತಿ ಶಕ್ತಿಯ ಏಟು ಕೊಟ್ಟರೆ, ಚಳಿಯಲ್ಲಿಟ್ಟಿದ್ದ ಗಾಜಿನ ಲೋಟಕ್ಕೆ ಕುದಿಯುವ ಹಾಲು ಸುರಿದ ಹಾಗೆ, ಚಟ್ಟೆಂದು ಸೀಳುತ್ತದೆ. ಮೊದಲು ಸಣ್ಣ ಏಟು, ಸ್ವಲ್ಪ ಬಿಡುವು, ಮತ್ತೊಂದು ಸಣ್ಣ ಏಟು, ಮತ್ತೆ ಬಿಡುವು, ಹೀಗೆ ಮೆಲ್ಲಗೆ ಏರಿಸಬೇಕು. ಆ ಹೊತ್ತಿನಲ್ಲಿ ಮೇಜಿನ ಮುಂದೆ ಕೂತವನಿಗೆ ಮಾಡಲು ಬೇರೇನೂ ಇರುವುದಿಲ್ಲ.

ಇದನ್ನು ಯಾರೂ ಮರೆಯಬಾರದೆಂದು ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ಟ್ಯೂಬನ್ನು ಮಾಡಿದವರೇ ಅದನ್ನು ಎರಡೂ ಕೈಯಲ್ಲಿ ಹೊತ್ತು ತಂದು ತೊಟ್ಟಿಗಿಳಿಸಿ, "ತಣ್ಣಗಿದೆ" ಎನ್ನಬೇಕು. ಪರೀಕ್ಷೆ ಮಾಡುವವರು "ಕಾಯಿಸ್ತೀನಿ" ಎನ್ನಬೇಕು. ಆಮೇಲೆಯೇ ಬಾಗಿಲು ಮುಚ್ಚುವುದು.

ಆ ಹಳೆಯ ದಿನ ಆಕೆ "ತಣ್ಣಗಿದೆ" ಅಂದಿದ್ದಳು. ಭಾವ "ಕಾಯಿಸ್ತೀನಿ" ಅಂದಿದ್ದ. ಗೇಟಿನ ಬಳಿ ಆಸ್ಪತ್ರೆಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು, ಕಾರ್ಖಾನೆಯ ಯಜಮಾನರು ಅತ್ತಿಂದಿತ್ತ ಓಡಾಡುತ್ತಿದ್ದರು. ಭಾವ ಕಾಯಿಸಲಿಲ್ಲ. ಮೊದಲ ಏಟೇ ಪೂರ್ತಿಯದು. ತಟ್ಟೆ ಸೀಳಿತು, ಸದ್ದು ಬದಲಾಯಿತು. ನಂಬದೆ ಮತ್ತೊಂದು ಕೊಟ್ಟ, ಇನ್ನೊಂದು ಕೊಟ್ಟ. ತಟ್ಟೆಯ ಚೂರು ಹಾರಿ ಗಾಜಿಗೆ ಬಡಿದು ಟ್ಯೂಬು ಸಿಡಿಯಿತು, ಎಣ್ಣೆಯೆಲ್ಲ ಕಪ್ಪಾಯಿತು. ಯಜಮಾನರು ಓಡಿಬರುವ ಹೊತ್ತಿಗೆ ಭಾವ ಸಿದ್ಧನಾಗಿದ್ದ.

"ಸೀಲ್ ಸೋರಿದೆ. ಒಳಗೆ ಗಾಳಿ ಹೋಗಿದೆ," ಅಂದ.

"ಭಾವ ಕಾಯಿಸ್ಲಿಲ್ಲ, ಯಜಮಾನ್ರೇ," ಎಂದಳು ಆಕೆ.

ತೊಟ್ಟಿಯಲ್ಲಿ ಇದ್ದದ್ದು ಗಾಜಿನ ಪುಡಿ. ಪುಡಿಯನ್ನು ನೋಡಿ ಸೀಲ್ ಸರಿಯಿತ್ತೋ ಇಲ್ಲವೋ ಎಂದು ಯಾರು ಹೇಳಬೇಕು? ಯಜಮಾನರು ಕಿವಿಮೇಷ್ಟ್ರನ್ನು ನಂಬಿದರು. ಆಕೆಯನ್ನು ಲೇತಿನಿಂದ ಎಬ್ಬಿಸಿ ತೊಳೆಯುವ ಕೋಣೆಗೆ ಕಳಿಸಿದರು.

ಅಂದು ಸಂಜೆ ಅಕ್ಕ ಬಾಗಿಲಲ್ಲೇ ತಡೆದು ಕೇಳಿದಳು: "ಅವರ ಮೇಲೇ ಚಾಡಿ ಹೇಳಿದ್ಯಂತೆ? ಉಂಡ ಮನೆ ಜಂತೆ ಎಣಿಸ್ತೀಯೇನೇ?"

ಮರುವಾರ ಆಕೆ ಬೇರೆ ಕೋಣೆ ಬಾಡಿಗೆಗೆ ಹಿಡಿದಳು.

ತೊಳೆಯುವ ಕೋಣೆಯಲ್ಲಿ ಕೆಲಸ ಕಷ್ಟದ್ದಲ್ಲ, ಬೇಸರದ್ದು. ಲೋಹದ ಭಾಗಗಳನ್ನು ಆಮ್ಲದಲ್ಲಿ ಅದ್ದಿ, ಬಿಸಿನೀರಿನಲ್ಲಿ ಜಾಲಾಡಿ, ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿಡುವುದು. ಕಾರ್ಖಾನೆಯವರು ಆಕೆಗೆ ಸೋರಕ್ಕ ಎಂದು ಹೆಸರಿಟ್ಟರು. ಹೊಸದಾಗಿ ಸೇರಿದವರಿಗೆ ಕಥೆ ಗೊತ್ತಿರಲಿಲ್ಲ, ಹೆಸರು ಮಾತ್ರ ಗೊತ್ತಿತ್ತು. "ಸೋರಕ್ಕಾ, ನಲ್ಲಿ ನಿಲ್ಸಿ ಬಾ, ನೀನು ಹೋದಕಡೆಯೆಲ್ಲ ಸೋರುತ್ತೆ" ಎಂದು ಪಂಪಿನ ಕೋಣೆಯವರು ನಗುತ್ತಿದ್ದರು. ಆಕೆಯೂ ನಕ್ಕು, "ನಿಮ್ಮ ಬಾಯಿಗೆ ಮೊದ್ಲು ಒಂದು ಸೀಲ್ ಹಾಕ್ತೀನಿ ತಡೀರಿ" ಎನ್ನುತ್ತಿದ್ದಳು. ನಗುವಾಗಲೂ ಹೊಟ್ಟೆಯೊಳಗಿನ ಕೆಂಡ ಆರಿರಲಿಲ್ಲ. ಊಟದ ಬಿಡುವಿನಲ್ಲಿ ಯಾರೂ ಇಲ್ಲದಾಗ ಗಾಜಿನ ಕೋಣೆಗೆ ಹೋಗಿ, ಎಸೆದ ಗಾಜಿನ ತುಂಡುಗಳನ್ನು ಎಸೆದ ಉಂಗುರಗಳಿಗೆ ಹತ್ತಿಸುತ್ತಿದ್ದಳು. ಹತ್ತಿಸಿ, ಪರೀಕ್ಷಿಸಿ, ಮತ್ತೆ ಬುಟ್ಟಿಗೆ ಹಾಕುತ್ತಿದ್ದಳು.

ಆಕೆಯ ಜಾಗಕ್ಕೆ ಬಂದಿದ್ದವರಿಗೆ ವಯಸ್ಸಾಗಿ ಕೈ ನಡುಗತೊಡಗಿತು. ಹೊರಗೆ ಹುಡುಕಿದರೆ ಈ ಕೆಲಸ ಬಲ್ಲವರು ಸಿಗಲಿಲ್ಲ. ಯಜಮಾನರೇ ಒಂದು ದಿನ ತೊಳೆಯುವ ಕೋಣೆಯ ಬಾಗಿಲಿಗೆ ಬಂದು, ಒಳಗೆ ಬರದೆ, "ಮತ್ತೆ ಲೇತಿಗೆ ಕೂರ್ತೀಯೇನಮ್ಮಾ?" ಎಂದು ಕೇಳಿದರು.

"ಸೋರಿದ್ರೆ?" ಎಂದಳು.

"ಹಳೇದೆಲ್ಲ ಯಾಕೆ ಈಗ," ಎಂದರು.

ಹಳೆಯದು ಯಾಕೆ ಬೇಕೆಂದು ಆಕೆಗೆ ಗೊತ್ತಿತ್ತು. ಲೇತಿಗೆ ವಾಪಸು ಬಂದ ಮೇಲೆ ಆಕೆ ಭಾವನನ್ನು ಗಮನಿಸತೊಡಗಿದಳು. ಅವನಿಗೂ ವಯಸ್ಸಾಗಿತ್ತು. ಕೋಣೆಯಲ್ಲಿ ಇಬ್ಬರೇ ಇದ್ದಾಗ ಆಕೆ "ತಣ್ಣಗಿದೆ" ಎಂದರೆ ಉತ್ತರ ಕೊಡದಿದ್ದರೂ ಸರಿಯಾಗಿಯೇ ಕಾಯಿಸುತ್ತಿದ್ದ. ಒಮ್ಮೆ ಯಾರೋ ತಪಾಸಣೆಯವರು ಬಂದಿದ್ದರು. ಅವರ ಮುಂದೆ ಆಕೆ ಎರಡನೆಯ ಸಲ "ತಣ್ಣಗಿದೆ ಭಾವ" ಎಂದದ್ದೇ ತಡ, ಅವನ ಮುಖ ಕೆಂಪಾಯಿತು. "ನಂಗೆ ಹೇಳ್ಕೊಡ್ತೀಯಾ?" ಎಂದವನೇ ಅರ್ಧ ಕಾಯಿಸಿ ಬಿಟ್ಟ. ಸಣ್ಣ ಟ್ಯೂಬು, ಕಡಿಮೆ ಶಕ್ತಿ, ಹೇಗೋ ಉಳಿಯಿತು.

ಬೇರೆ ಯಾರು ಹೇಳಿದರೂ ಕೇಳುವ ಭಾವ, ನಾಲ್ಕು ಜನರ ಮುಂದೆ ನಾದಿನಿ ಹೇಳಿದರೆ ಕೇಳುವುದಿಲ್ಲ. ಆಕೆಗೆ ಬೀಗದ ಕೈ ಸಿಕ್ಕಿತು.

ದೊಡ್ಡ ಆಸ್ಪತ್ರೆಯೊಂದರಿಂದ ದೊಡ್ಡ ಟ್ಯೂಬಿಗೆ ಆರ್ಡರ್ ಬಂದಾಗ, ಪರೀಕ್ಷೆ ನೋಡಲು ಅಲ್ಲಿನ ಎಂಜಿನಿಯರು ತಮ್ಮ ಜನರೊಂದಿಗೆ ಬರುವುದೆಂದಾಯಿತು. ಆಕೆ ತನ್ನ ಜೀವಮಾನದಲ್ಲೇ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿರಲಿಲ್ಲ. ಸೀಲಿನ ಅಂಚು ಒಂದೇ ಸಮನೆ ಬೂದುಬಣ್ಣಕ್ಕೆ ತಿರುಗುವವರೆಗೆ ಜ್ವಾಲೆಯನ್ನು ಕದಲಿಸಲಿಲ್ಲ. ಗಾಜಿನಲ್ಲಿ ಒಂದು ಗುಳ್ಳೆಯಿಲ್ಲ. ತಂತಿಯ ಬಟ್ಟಲು ತಟ್ಟೆಯ ಅಂಚಿಗೆ ಕೂದಲೆಳೆಯಷ್ಟೂ ಓರೆಯಿಲ್ಲ. ಯಾರೂ ಬೆರಳು ತೋರಿಸಲಾಗದಂಥ ಟ್ಯೂಬು ಆಕೆಗೆ ಬೇಕಾಗಿತ್ತು. ಅದು ಮುಗಿದ ಮೇಲೆ, ಆಸ್ಪತ್ರೆ ಕೇಳಿದ್ದು ಒಂದೇ ಆದರೂ, ಅಂಥದ್ದೇ ಇನ್ನೊಂದನ್ನು ಮಾಡಿ, ಬಿಳಿ ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟಳು.

ಪರೀಕ್ಷೆಯ ದಿನ ಬೆಳಿಗ್ಗೆ ಮೇಜಿನ ಸುತ್ತ ಜನ ತುಂಬಿದ್ದರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟು, "ಇವರ ಕಿವಿ ಇದೆಯಲ್ಲ, ಅದೇ ನಮ್ಮ ಮೀಟರು" ಎಂದು ಎಂಜಿನಿಯರಿಗೆ ಪರಿಚಯಿಸಿದರು.

ಆಕೆ ಟ್ಯೂಬು ತಂದು ತೊಟ್ಟಿಗಿಳಿಸಿದಳು. ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ತಣ್ಣಗಿದೆ, ಭಾವ."

"ಹೂಂ."

"ರಾತ್ರಿಯೆಲ್ಲ ಬೀರುವಿನಲ್ಲಿತ್ತು ಭಾವ. ತುಂಬ ತಣ್ಣಗಿದೆ."

ಆಸ್ಪತ್ರೆಯವರಲ್ಲೊಬ್ಬರು ನಕ್ಕರು. "ಮೇಷ್ಟ್ರಿಗೇ ಪಾಠ ಆಗ್ತಿದೆ!"

ಭಾವನ ಕತ್ತು ಕೆಂಪೇರಿತು. ಆಕೆ ಇನ್ನೂ ಮೆತ್ತಗೆ, ಕೈ ಜೋಡಿಸದಿದ್ದರೂ ಜೋಡಿಸಿದ ಧ್ವನಿಯಲ್ಲಿ, "ದಯವಿಟ್ಟು ಪೂರ್ತಿ ಕಾಯಿಸಿ ಭಾವ. ಅವಸರ ಮಾಡ್ಬೇಡಿ" ಎಂದಳು.

"ಏಯ್, ನೀನು ಗಾಜು ಊದು ಹೋಗಮ್ಮ. ನೀನು ಹುಟ್ಟೋಕೆ ಮುಂಚೆಯಿಂದ ಕಾಯಿಸ್ತಿದೀನಿ ನಾನು!"

"ತಪ್ಪಾಯ್ತು ಭಾವ," ಎಂದು ಆಕೆ ಹಿಂದೆ ಸರಿದು ನಿಂತಳು.

ಬಾಗಿಲು ಮುಚ್ಚಿತು. ತಟ್ಟೆ ತಿರುಗತೊಡಗಿತು, ಸೀಸದ ಬಾಗಿಲಿನಾಚೆಯಿಂದ ಸಣ್ಣಗೆ ಶ್ರುತಿ ಹಿಡಿದಂಥ ಸದ್ದು. ಭಾವ ಒಂದು ಸಣ್ಣ ಏಟು ಕೊಟ್ಟ. ಹಿಂದಕ್ಕೆ ತಿರುಗಿ ಆಕೆಯನ್ನು ನೋಡಿದ. ಆಕೆ ತಲೆಯಾಡಿಸಿದಳು, ಮೆಚ್ಚಿದವಳ ಹಾಗೆ. ಅದು ಅವನಿಗೆ ಸಹಿಸಲಾಗಲಿಲ್ಲವೆಂದು ತೋರುತ್ತದೆ. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಪೂರ್ತಿ ಏಟು ಕೊಟ್ಟ.

ಸದ್ದು ಮುರಿಯಿತು. ಟಕ್, ಟಕ್, ಟಕ್ ಎಂದು ಕುಂಟತೊಡಗಿತು.

"ನಿಲ್ಸಿ!" ಎಂದು ಯಜಮಾನರು ಅವನ ಕೈ ಹಿಡಿದರು.

ಎಲ್ಲ ನಿಂತ ಮೇಲೆ ಭಾವ ಬಾಯಿಬಿಟ್ಟ. ಮೊದಲು ಬಂದದ್ದು ಹಳೆಯ ಮಾತೇ: "ಸೀಲ್ ಸೋರಿದೆ."

ಆಕೆ ಅದನ್ನೇ ಕಾಯುತ್ತಿದ್ದಳು. "ನೋಡೋಣ ಭಾವ," ಎಂದಳು.

ಟ್ಯೂಬು ಮೇಲೆ ಬಂತು. ಈ ಸಲ ಗಾಜು ಸಿಡಿದಿರಲಿಲ್ಲ. ಆಕೆ ಎಣ್ಣೆ ಒರೆಸಿ, ಗಾಜಿನ ಕೋಣೆಯಿಂದ ಕಿಡಿ ಹಾರಿಸುವ ಕೋಲು ತಂದಳು. ಅದರ ತುದಿಯನ್ನು ಗಾಜಿಗೆ ಹಿಡಿದರೆ, ಒಳಗೆ ಸ್ವಲ್ಪ ಗಾಳಿ ನುಗ್ಗಿದ್ದರೂ ನೇರಳೆ ಬೆಳಕು ಹಬ್ಬುತ್ತದೆ. ಗಾಳಿ ಇಲ್ಲದಿದ್ದರೆ ಟ್ಯೂಬು ಕತ್ತಲಾಗಿಯೇ ಇರುತ್ತದೆ. ಆಕೆ ದೀಪ ಆರಿಸಲು ಹೇಳಿದಳು. ಕೋಲು ಚಿಟಿಚಿಟಿ ಎನ್ನುತ್ತ ಸೀಲಿನ ಸುತ್ತ, ಹೊಟ್ಟೆಯ ಸುತ್ತ, ಬಾಲದ ತುದಿಯ ಸುತ್ತ ಹರಿದಾಡಿತು. ಒಳಗೆ ಬೆಳಕಿನ ಹನಿಯೂ ಕಾಣಲಿಲ್ಲ.

"ಗಾಳಿ ಇಲ್ಲ," ಎಂದರು ಎಂಜಿನಿಯರು ಕತ್ತಲಲ್ಲಿ. "ಸೀಲ್ ಚೆನ್ನಾಗಿದೆ."

ದೀಪ ಬಂತು. ಆಕೆ ಗಾಜಿಗೆ ಗೀರು ಹಾಕಿ, ಬಿಸಿ ತಂತಿ ಒತ್ತಿ, ಟ್ಯೂಬನ್ನು ಎರಡಾಗಿ ಬಿಡಿಸಿದಳು. ತಟ್ಟೆಯ ಅಂಚಿನಿಂದ ನಡುವಿನವರೆಗೆ ಸೀಳು ಬಿಟ್ಟಿತ್ತು. ಅದನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನೋಡಿದರು. ಕೊನೆಗೆ ಅದು ಯಜಮಾನರ ಕೈಗೆ ಬಂತು.

"ಹಾಗಾದ್ರೆ ಅವತ್ತು..." ಎಂದರು ಯಜಮಾನರು, ಭಾವನನ್ನು ನೋಡುತ್ತ.

ಭಾವ ನೆಲ ನೋಡುತ್ತಿದ್ದ. "ಅವತ್ತೂ ಹೀಗೇ," ಎಂದ.

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ ಭಾವ," ಎಂದಳು ಆಕೆ.

"ಅವತ್ತೂ ನಾನೇ ಕಾಯಿಸಿರ್ಲಿಲ್ಲ! ಸಾಕಾ?"

ಪಂಪಿನ ಕೋಣೆಯ ಹಿರಿಯನೊಬ್ಬ ಯಾರಿಗೂ ಹೇಳದವನಂತೆ ಗೊಣಗಿದ: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ಇಲ್ಲಿಗೆ ಸಾಕು," ಎಂದಳು ಆಕೆ. "ಸಂಜೆ ಅಕ್ಕನ ಮುಂದೆ ಹೇಳಿ."

ಯಜಮಾನರಿಗೆ ಆಗ ಬೇರೆ ಚಿಂತೆ. ಆಸ್ಪತ್ರೆಯ ಯಂತ್ರ ನಿಂತುಹೋಗಿತ್ತು, ರೋಗಿಗಳು ಕಾಯುತ್ತಿದ್ದರು, ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ? ಆಕೆ ಬೀರು ತೆರೆದು ಬಿಳಿ ಬಟ್ಟೆ ಬಿಚ್ಚಿದಳು. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು, ಭಾವ ಒಬ್ಬನನ್ನು ಬಿಟ್ಟು. ಆರ್ಡರಿಗೆ ತಕ್ಕಷ್ಟೇ ಮಾಡುವ ಕಾರ್ಖಾನೆಯದು. ಟಂಗ್‌ಸ್ಟನ್ ತಟ್ಟೆಯನ್ನು ಯಾರೂ ಹೆಚ್ಚಿಗೆ ವ್ಯಯಿಸುವುದಿಲ್ಲ.

ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಎರಡು ಯಾಕೆ ಮಾಡಿದ್ದೆ?"

"ಒಂದು ನಿಮಗೆ, ಒಂದು ಆಸ್ಪತ್ರೆಗೆ."

ಎರಡನೆಯ ಟ್ಯೂಬನ್ನು ಪರೀಕ್ಷಿಸಿದವನೂ ಅವನೇ, ಬೇರೆಯವರಿಗೆ ಆ ಕೆಲಸ ಬರುತ್ತಿರಲಿಲ್ಲ. ಆಕೆ ಒಂದು ಸ್ಟೂಲು ಎಳೆದುಕೊಂಡು ಅವನ ಎದುರಿಗೇ ಕೂತಳು. ಅವನು ಸಣ್ಣ ಏಟು ಕೊಟ್ಟು ಕಾದ, ಮತ್ತೆ ಕೊಟ್ಟು ಕಾದ. ಒಮ್ಮೆ ಅವನ ಕೈ ಗುಂಡಿಯತ್ತ ಬೇಗ ಹೋಯಿತು, ಆಕೆಯ ಕಡೆ ನೋಡಿ ಹಿಂದಕ್ಕೆ ಬಂತು. ಆಸ್ಪತ್ರೆಯವರು ಎರಡು ಸಲ ಟೀ ಕುಡಿದರು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಟ್ಯೂಬು ಪಾಸಾಯಿತು.

ಈಗ ಯಾರಾದರೂ ಕೇಳಿ, ಇಷ್ಟೆಲ್ಲ ಹೇಳುವಾಗ ಆಕೆಯ ಮುಖದಲ್ಲಿ ಪಶ್ಚಾತ್ತಾಪದ ಸುಳಿವಿರುವುದಿಲ್ಲ. "ನಾನು ಸುಳ್ಳು ಹೇಳಿದ್ನಾ? ಮೂರು ಸಲ ನಿಜ ಹೇಳ್ದೆ. ಅವರು ಕೇಳಲ್ಲ ಅಂತ ಗೊತ್ತಿತ್ತು, ಅದಕ್ಕೇ ಹೇಳ್ದೆ," ಎನ್ನುತ್ತಾಳೆ. ಭಾವ ಮರುತಿಂಗಳು ಕೆಲಸ ಬಿಟ್ಟ. ಯಾರೂ ಬಿಡು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಸೋರಕ್ಕ ಎಂಬ ಹೆಸರು ಮಾತ್ರ ಹೋಗಿಲ್ಲ. ಹೊಸಬರು ಹಾಗೆಂದು ಗೌರವದಿಂದಲೇ ಕರೆಯುತ್ತಾರೆ, ಯಾಕೆಂದು ಕೇಳಿದರೆ ಅವರಿಗೂ ತಿಳಿಯದು.

ಆ ಪರೀಕ್ಷೆಯ ದಿನ ಸಂಜೆ ಆಕೆ ಭಾವನ ಹಿಂದೆಯೇ ನಡೆದು ಅಕ್ಕನ ಮನೆಗೆ ಹೋದಳು. ಅಕ್ಕ ನಡುಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು. ತಂಗಿ ಬಹುಕಾಲದ ಮೇಲೆ ಹೊಸ್ತಿಲು ದಾಟಿದ್ದನ್ನು ನೋಡಿ ಎದ್ದು ನಿಂತಳು. ಭಾವ ಚಪ್ಪಲಿಯನ್ನೂ ಬಿಡದೆ, ಗೋಡೆಗೆ ಮುಖ ಮಾಡಿ, ಹೇಳಬೇಕಾದದ್ದನ್ನು ಹೇಳಿ ಮುಗಿಸಿ ಒಳಗೆ ಹೋದ. ಆಕೆ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷ ಕಲ್ಪಿಸಿಕೊಂಡಿದ್ದ ಮುಖ ಅದು: ಬೆರಗು, ಆಮೇಲೆ ನಾಚಿಕೆ, ಆಮೇಲೆ ಅಳು.

ಅಕ್ಕ ಟವೆಲೊಂದನ್ನು ಕೈಗೆತ್ತಿಕೊಂಡು ನಾಲ್ಕಾಗಿ ಮಡಚಿದಳು. "ಗೊತ್ತು ಕಣೇ," ಎಂದಳು.

"ಏನು ಗೊತ್ತು?"

"ಅವತ್ತೇ ಹೇಳಿದ್ರು. ನೀನು ಬರೋಕೆ ಮುಂಚೆ ಇಲ್ಲೇ ಕೂತು ಅತ್ತಿದ್ರು."

"ಗೊತ್ತಿದ್ದೂ ಬಾಗಿಲಲ್ಲಿ ನಿಲ್ಲಿಸಿ ಹಾಗಂದ್ಯಾ ನನ್ನ?"

"ನಿಂಗೆ ಕೈಯಲ್ಲಿ ಕೆಲಸ ಇತ್ತು. ಎಲ್ಲಿ ಹೋದ್ರೂ ಬದುಕ್ತಿದ್ದೆ. ಅವರಿಗೆ ಆ ಹೆಸರೊಂದು ಹೋದ್ರೆ ಇನ್ನೇನಿತ್ತು, ಹೇಳು? ನಾನು ಯಾರನ್ನ ಅಂತ ಉಳಿಸ್ಕೊಳ್ಲಿ?"

ಆಕೆ ಹೊಸ್ತಿಲು ದಾಟಿ ಹೊರಗೆ ಬಂದಳು.

ಈಗ ಅಕ್ಕ ಭಾನುವಾರಗಳಂದು ತಂಗಿಯ ಕೋಣೆಗೆ ಬರುತ್ತಾಳೆ. ಎರಡು ಮಹಡಿ ಹತ್ತಿ, ಮಂಡಿ ಹಿಡಿದುಕೊಂಡು, ಕೈಚೀಲದಲ್ಲಿ ಏನಾದರೂ ತಂದು. ತಂಗಿ ಬಾಗಿಲು ತೆರೆಯದೆ ಇರುವುದಿಲ್ಲ. ಕೂರಲು ಒಳ್ಳೆಯ ಕುರ್ಚಿಯನ್ನೇ ಕೊಡುತ್ತಾಳೆ, ಫ್ಯಾನು ಹಾಕುತ್ತಾಳೆ.

"ಬನ್ನಿ ಅಕ್ಕ. ಕೂತ್ಕೊಳ್ಳಿ. ಮೆಟ್ಟಿಲು ಹತ್ತೋಕೆ ಕಷ್ಟ ಆಯ್ತೇನೋ ನಿಮಗೆ."

"ಇದೇನೇ ಇದು, ಬನ್ನಿ, ಕೂತ್ಕೊಳ್ಳಿ? ನಾನೇನು ನೆಂಟಳಾ? ಎತ್ತಿ ಆಡಿಸಿದೋಳು ಕಣೇ ನಿನ್ನ."

"ಹೌದಲ್ವಾ, ದೊಡ್ಡೋರು ನೀವು."

ಅಕ್ಕ ಸ್ವಲ್ಪ ಹೊತ್ತು ಕೈಚೀಲದ ಹಿಡಿಯನ್ನು ತಿರುವುತ್ತ ಕೂರುತ್ತಾಳೆ. ಆಮೇಲೆ ತಡೆಯಲಾಗದೆ ಅನ್ನುತ್ತಾಳೆ: "ಬೈಯೇ. ಒಂದ್ಸಲ ಬಾಯ್ತುಂಬ ಬೈದ್ಬಿಡೇ, ನಿನ್ನ ದಮ್ಮಯ್ಯ."

"ಛೆ, ನಿಮ್ಮನ್ನ ಬೈಯೋದಾ?" ಎನ್ನುತ್ತಾಳೆ ತಂಗಿ, ಒಲೆಯ ಕಡೆಗೆ ತಿರುಗುತ್ತ. "ಟೀಗೆ ಸಕ್ಕರೆ ಎಷ್ಟು ಹಾಕ್ಲಿ, ಹೇಳಿ."